ಮನೆಯಲ್ಲೇ ಕನೂ ಕಟ್ಟಿದವರು ಇದ್ದೀರಾ? ಪ್ಲೈ ಸರಿಯೋ, ಮರದ ಪಟ್ಟಿ ಸರಿಯೋ?

ಯಗಚಿ ದಡ: ಬೇಲೂರಿನ ಹತ್ತಿರ ಮನೆ. ಶೆಡ್‌ನಲ್ಲಿ 14 ಅಡಿಯ ಕನೂ ದೋಣಿ ಕಟ್ಟುವ ಆಸೆ. ನಾನು, ಮಗಳು ಇಬ್ಬರೇ ಕೂರುವುದು. ಪ್ಲೈ ತುಂಡುಗಳನ್ನು ತಂತಿಯಲ್ಲಿ ಹೊಲಿದು ಅಂಟಿಸುವುದಾ, ಸಿಲ್ವರ್ ಓಕ್ ಪಟ್ಟಿ ಜೋಡಿಸುವುದಾ? 40 ಸಾವಿರದೊಳಗೆ ಆಗಬೇಕು. ಕಟ್ಟಿದವರು ಅನುಭವ ಹೇಳಿ.

ಮೂಡಿಗೆರೆ ತೋಟ: ನಾನು ಕಟ್ಟಿದ್ದು ಪ್ಲೈನಲ್ಲಿ. ಲೆಕ್ಕ ಬರೆದಿಟ್ಟಿದ್ದೇನೆ. 6 ಎಂಎಂ ಮೆರೈನ್ ಪ್ಲೈ ಮೂರು ಶೀಟಿಗೆ 9,600. ಎಪಾಕ್ಸಿ ಅಂಟು, ಅದನ್ನು ಗಟ್ಟಿ ಮಾಡುವ ಹಾರ್ಡನರ್ 14,500. ಮೇಲೆ ಹಾಸುವ ಗ್ಲಾಸ್ ಫೈಬರ್ ಬಟ್ಟೆ 3,800. ಪಾರ್ಸೆಲ್ 1,150. ಉಪ್ಪುಕಾಗದಕ್ಕೇ 2,200 ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಹೊಲಿಯುವ ತಾಮ್ರದ ತಂತಿ ಮಾತ್ರ ಅಗ್ಗ, ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ ಸಿಕ್ಕಿತು.

ಇದರಲ್ಲಿ ಮೊದಲು ತಂದ ಮೂರು ಶೀಟಿನ ದುಡ್ಡು ಸೇರಿಲ್ಲ. ಐಎಸ್ 710 (ಮೆರೈನ್ ಪ್ಲೈಗೆ ಇರುವ ಭಾರತೀಯ ಮಾನಕ) ಅಂತ ಹೇಳಿ ಕೊಟ್ಟಿದ್ದರು, ಕೊಯ್ದು ನೋಡಿದರೆ ಒಳಪದರದಲ್ಲಿ ಬೆರಳು ತೂರುವಷ್ಟು ಸಂದು. ಕೊಯ್ದ ಮಾಲು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಮೇಲೆ ತುಂಡು ಕೇಳಿ ತಂದು ಬಚ್ಚಲ ಹಂಡೆಯಲ್ಲಿ ಕುದಿಸಿ ನೋಡಿಯೇ ಶೀಟು ತಂದೆ. ನಿಜವಾದ 710 ಆದರೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು.

ಇನ್ನು ಮಳೆ. ಬಟ್ಟೆ ಹಾಸಿ ಎಪಾಕ್ಸಿ ಹಚ್ಚಿದ ರಾತ್ರಿಯೇ ಹಿಡಿದುಕೊಂಡಿತು, ಮೇ ತಿಂಗಳಲ್ಲಿ! ಬೆಳಿಗ್ಗೆ ಮೇಲೆಲ್ಲ ಮೇಣದಂಥ ಜಿಡ್ಡು. ಅದನ್ನು ನೇರ ಉಜ್ಜಿದರೆ ಉಪ್ಪುಕಾಗದ ಕಟ್ಟಿಕೊಳ್ಳುತ್ತದೆ. ಬರೀ ನೀರು ಹಾಕಿ ಪಾತ್ರೆ ಉಜ್ಜುವ ನಾರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಬೇಕು. ಜಿಡ್ಡಿನ ಮೇಲೆ ಇನ್ನೊಂದು ಕೋಟ್ ಹೊಡೆದರೆ ಹಿಡಿಯುವುದಿಲ್ಲ. ಡಿಸೆಂಬರಿಂದ ಮಾರ್ಚ್ ಒಳಗೆ ಮುಗಿಸಿ.

ಬಡಗಿ ಮಗ, ಸಕಲೇಶಪುರ: ಪ್ಲೈ ಬಾಗಿಸಿ ತಂತಿ ಕಟ್ಟಿದ್ದನ್ನು ಮರದ ದೋಣಿ ಅನ್ನಬೇಡಿ. ನಾವು ನಮ್ಮದೇ ಸಿಲ್ವರ್ ಕಡಿಸಿ, ಸಾಮಿಲ್‌ನಲ್ಲಿ ಹಲಗೆ ಮಾಡಿಸಿ, ನಡುವೆ ರೀಪು ಕೊಟ್ಟು ನೆರಳಲ್ಲಿ ಒಂದು ಬೇಸಿಗೆ ಪೂರ್ತಿ ಒಣಗಿಸಿದೆವು. 6 ಎಂಎಂ ಪಟ್ಟಿ ಕೊಯ್ಯುವಾಗ ಮೂರರಲ್ಲಿ ಒಂದು ಪಾಲು ಮರ ಪುಡಿಯಾಗಿಯೇ ಹೋಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಅಡಿಗೊಂದು ದೋಣಿಯಾಕಾರದ ಅಚ್ಚು ನಿಲ್ಲಿಸಿದೆವು. ಒಂದೊಂದು ಪಟ್ಟಿಯ ಅಂಚಿಗೂ ಅಪ್ಪ ರಂದ ಹೊಡೆದು, ಬೆಳಕಿಗೆ ಹಿಡಿದು ನೋಡಿ ಕೂರಿಸಿದರು. 14 ಅಡಿ, 31 ಕೆಜಿ. ಅಪ್ಪನ ಕೈಕೆಲಸ ಅದು, ನೋಡಿದಾಗೆಲ್ಲ ಖುಷಿಯಾಗುತ್ತದೆ.

ಮೂಡಿಗೆರೆ ತೋಟ: ಸಾರ್, ನಿಮ್ಮ ಪಟ್ಟಿಗೂ ಒಳಗೆ ಹೊರಗೆ ಗ್ಲಾಸ್ ಬಟ್ಟೆ, ಎಪಾಕ್ಸಿ ಇದೆ ತಾನೆ? ಅದಿಲ್ಲದಿದ್ದರೆ ಸಿಲ್ವರ್ ತೇವಕ್ಕೆ ಎಷ್ಟು ಬೇಗ ಲಡ್ಡು ಹಿಡಿದು ಕೊಳೆಯುತ್ತದೆ ಅಂತ ತೋಟದವರಿಗೆಲ್ಲ ಗೊತ್ತು. ನನ್ನದು ಮರದ ದೋಣಿ ಅಲ್ಲ ಅನ್ನೋಕೆ ನೀವ್ಯಾರು?

ಬಡಗಿ ಮಗ, ಸಕಲೇಶಪುರ: ಲಡ್ಡು ಹಿಡಿಯುತ್ತದೆ ಅಂತಲೇ ಬಟ್ಟೆ ಹಾಕಿರುವುದು. ನಿಮ್ಮದು 40 ಕೆಜಿ ದಾಟಿರುತ್ತದೆ, ಬರೆದುಕೊಡುತ್ತೇನೆ.

ಗೊರೂರು ಹಿನ್ನೀರು: ತೂಕ ಬಿಡಿ, ತಳ ನೋಡಿ. ಹೇಮಾವತಿಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚ್ ಕಡೆ ಹೋಗಿದ್ದೆ. ಮುಳುಗಿದ್ದ ಮರದ ಬೊಡ್ಡೆ ಕಾಣಲೇ ಇಲ್ಲ. ಪ್ಲೈ ಸೀಳಿ ಒಳಗೆ ಅಂಗೈಯಗಲ ತೂತು. ತುಂಡು ಹಾಕುವಾಗ ಅಂಚನ್ನು ದಪ್ಪದ ಎಂಟರಷ್ಟು ಉದ್ದಕ್ಕೆ ಇಳಿಜಾರು ಕೆತ್ತಿ ಬೆಸೆಯಬೇಕು, 6 ಎಂಎಂಗೆ 48 ಎಂಎಂ. ರಿಪೇರಿಗೆ 3,400 ಬಿತ್ತು. ಈಗ ತಳಕ್ಕೆ ಎರಡು ಪದರ ಬಟ್ಟೆ ಇದೆ. ಎರಡು ಕೆಜಿ ಜಾಸ್ತಿ ಆದರೂ ಪರವಾಗಿಲ್ಲ.

ಲಕ್ಕವಳ್ಳಿ ಅಕ್ಕ: ಮಗಳನ್ನು ಕೂರಿಸುತ್ತೇನೆ ಅಂದಿದ್ದಾರೆ, ಒಬ್ಬರಾದರೂ ಅದರ ಬಗ್ಗೆ ಮಾತಾಡಿದಿರಾ? ನಮ್ಮನೆಯವರು ದೋಣಿಯ ಎರಡೂ ತುದಿಯಲ್ಲಿ ಗಾಳಿ ಪೆಟ್ಟಿಗೆ ಮುಚ್ಚಿಸಿದ್ದಾರೆ. ಮಗುಚಿದರೂ ಮುಳುಗುವುದಿಲ್ಲ, ಹಿಡಿದುಕೊಂಡು ತೇಲಬಹುದು. ಲೈಫ್ ಜಾಕೆಟ್ ದುಡ್ಡನ್ನು ಮೊದಲೇ ತೆಗೆದಿಟ್ಟು, ಉಳಿದಿದ್ದರಲ್ಲಿ ದೋಣಿ ಕಟ್ಟಿ ತಮ್ಮಾ. ಅಣೆಕಟ್ಟೆಯವರನ್ನು ಕೇಳದೆ ಇಳಿಸಬೇಡಿ.

ಬಡಗಿ ಮಗ, ಸಕಲೇಶಪುರ: ಅಕ್ಕ, ಸರಿ. ಆದರೆ ಪ್ಲೈಯವರು ತೂಕ ಇನ್ನೂ ಹೇಳಿಲ್ಲ.

ಮೂಡಿಗೆರೆ ತೋಟ: 38 ಕೆಜಿ. ನಂಬಿಕೆ ಇಲ್ಲದಿದ್ದರೆ ಭಾನುವಾರ ನಿಮ್ಮದನ್ನೂ ಬೇಲೂರಿಗೆ ತನ್ನಿ. ಕಾಫಿ ಮೂಟೆ ತೂಗುವ ತಕ್ಕಡಿ ನಾನು ತರುತ್ತೇನೆ.