ಸಹಾಯ ಬೇಕು: ಬರ್ಚ್ ಪರಾಗ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಉತ್ತರ ಅಲಾಸ್ಕಾದ ಟಂಡ್ರಾ ಕೆರೆಯೊಂದರ ಹೂಳಿನಲ್ಲಿ ಪರಾಗ ಎಣಿಸುತ್ತಿದ್ದೇನೆ. ಸುಮಾರು 14,000 ವರ್ಷಗಳ ಹಿಂದೆ ಆ ಕಡೆ ಹುಲ್ಲಿನ ಪರಾಗ ಕಡಿಮೆಯಾಗಿ, ಚಳಿ ನಾಡಿನ ಗಿಡವಾದ ಬರ್ಚ್‌ನದು ಜಾಸ್ತಿಯಾಗುತ್ತದೆ. ಮ್ಯಾಮತ್‌ಗಳು ಮೇಯುತ್ತಿದ್ದ ಒಣ ಹುಲ್ಲುಗಾವಲು ಹೋಗಿ, ತೇವದ ಕುರುಚಲು ಟಂಡ್ರಾ ಬಂದ ಕಾಲ ಅದು. ನನಗೆ ತುಂಬಾ ಇಷ್ಟವಾದ ಘಟ್ಟ.

ತೊಂದರೆ ಏನೆಂದರೆ, ಪೊದೆಯಾಗಿ ಬೆಳೆಯುವ ಕುಳ್ಳ ಬರ್ಚ್ ಮತ್ತು ಮರ ಬರ್ಚ್ ಪರಾಗ ನೋಡಲು ಒಂದೇ ಥರ. ಕುಳ್ಳ ಬರ್ಚ್‌ನದು ಸಾಮಾನ್ಯವಾಗಿ ಚಿಕ್ಕದು, ಪರಾಗಕಣದ ಮೇಲಿನ ರಂಧ್ರದ ಆಳವೂ ಕಡಿಮೆ. ಆದರೆ ಅಳತೆಗಳು ಒಂದರೊಳಗೊಂದು ಬೆರೆಯುತ್ತವೆ. ತಪ್ಪಾದರೆ ಬರೀ ಪೊದೆ ಇದ್ದ ಕಡೆ ಕಾಡಿತ್ತು ಎಂದಾಗುತ್ತದೆ. ಬೇಸಿಗೆಯ ತಾಪದ ಅಂದಾಜೂ ಕೆಡುತ್ತದೆ.

ಫಿನ್ಲೆಂಡ್, ನಾರ್ವೆ, ಕೆನಡಾದ ಲ್ಯಾಬ್‌ಗಳಲ್ಲಿ ಕನ್ನಡಿಗರು ಯಾರಾದರೂ ಇದ್ದೀರಾ? ಎರಡರ ಸ್ಲೈಡ್ ಫೋಟೊ, ಅಳತೆ ಪಟ್ಟಿ ಸಿಕ್ಕರೆ ದೊಡ್ಡ ಉಪಕಾರ. ಇನ್ನೊಂದು ಪ್ರಶ್ನೆ: ಕಾರ್ಬನ್ ಪರೀಕ್ಷೆಯಿಂದ ಹೂಳಿನ ವಯಸ್ಸು ತಿಳಿಯಲು ಎಲೆಚೂರುಗಳನ್ನೇ ಕಳಿಸುವುದು ಒಳ್ಳೆಯದು, ಅಲ್ವಾ? ಬರೀ ಕೆಸರಾದರೆ ಸದಾ ಹೆಪ್ಪುಗಟ್ಟಿದ ನೆಲದ, ಅಂದರೆ ಪರ್ಮಾಫ್ರಾಸ್ಟ್‌ನ ಹಳೆ ಕಾರ್ಬನ್ ಸೇರಿಕೊಂಡು ವಯಸ್ಸು ಹೆಚ್ಚಾಗಿ ತೋರುತ್ತದೆ.