ಶೀಗಿ ಹುಣ್ಣಿಮಿಗೆ ಅಣ್ಣಿಗೇರಿ ಕಡೆ ಹೊಲಕ್ಕ ಹೊಂಟೇವಿ, ಏನೇನ ತಯಾರಿ ಬೇಕು?

ಕೇಶ್ವಾಪುರದವ:
ಅಣ್ಣಿಗೇರಿ ಹತ್ರದ ಹಳ್ಳಿಯ ಗೆಳೆಯರು 2026ರ ಶೀಗಿ ಹುಣ್ಣಿಮಿಗೆ ಚರಗಾ (ನೈವೇದ್ಯದ ಅಡಿಗಿ ಕಲಿಸಿ ಬೆಳಿಗೆ ಚೆಲ್ಲೋದು) ಚೆಲ್ಲಾಕ ತಮ್ಮ ಹೊಲಕ್ಕ ಕರದಾರ. ನಾವು ಹುಬ್ಬಳ್ಳಿಯಿಂದ ದೊಡ್ಡವರು ಆರು, ಹುಡುಗ್ರು ಮೂರು, ಬೆಂಗಳೂರಿಂದ ಕ್ಯಾಮೆರಾ ಹಿಡಕೊಂಡು ಬರೋರು ಇಬ್ಬರು. ನಾಲ್ಕ ಎಕರೆ ಎರಿ (ಕರಿಮಣ್ಣಿನ) ಹೊಲ. ಅರ್ಧ ಮೆಣಸಿನಗಿಡ, ಅರ್ಧ ಕಡ್ಲಿ. ಹಬ್ಬ 25ಕ್ಕೋ 26ಕ್ಕೋ? ಹೊಲದ ತನಕ ಕಾರು ಹೋಗತೈತೇನು? ‘ಏನೂ ತರಬ್ಯಾಡ್ರಿ, ಬರ್ರಿ ಸಾಕು’ ಅಂತಾರ, ಆದ್ರ ಬರಿಗೈಲೆ ಹೋಗೋದು ಹೆಂಗ? ಮಧ್ಯಾಹ್ನ ಒಂದರ ತನಕ ಕೆಡದಂಥಾದ್ದು ಏನ ಒಯ್ಯಬೇಕು, ಎಷ್ಟ ಒಯ್ಯಬೇಕು?

ಎರಿಹೊಲ:
ಮೊದಲ ದಿನದ ಮಾತು. 2026ರಾಗ ಅಧಿಕ ಜ್ಯೇಷ್ಠ ಬಂದದ್ದಕ್ಕ ಹಬ್ಬ ಎಲ್ಲಾ ಹಿಂದ ಸರದಾವ. ಹುಣ್ಣಿಮಿ ಅಕ್ಟೋಬರ್ 25 ರವಿವಾರ ಮಧ್ಯಾಹ್ನದ ಹೊತ್ತಿಗೆ ಹತ್ತಿ, ಸೋಮವಾರ ಮುಂಜಾನೆ ಹತ್ತರೊಳಗ ಇಳಿತೈತಿ. ಸೂರ್ಯ ಹುಟ್ಟೋವಾಗಿನ ತಿಥಿ ಹಿಡಿಯೋರಿಗೆ ಸೋಮವಾರ, ರಾತ್ರಿ ಚಂದ್ರನ್ನ ನೋಡೋರಿಗೆ ರವಿವಾರ. ವಾಲ್ಮೀಕಿ ಜಯಂತಿನೂ ಇದ ಹುಣ್ಣಿಮಿಗೆ ಬರೋದ್ರಿಂದ ಭಾಳ ಮಂದಿ ಸೂಟಿ ನೋಡಿ ಹೊಂಡತಾರ, ಹೋಗಿ ನೋಡಿದ್ರ ಊರಾಗ ಚರಗಾ ಮುಗದಿರತೈತಿ. ಕ್ಯಾಲೆಂಡರ್ ಬಿಡ್ರಿ, ಕರದವರ ಮನಿಗೆ ಎಂಟ ದಿನ ಮೊದಲ ಫೋನ್ ಹಚ್ಚಿ ಕೇಳ್ರಿ. ಎಷ್ಟಕ್ಕ ಬಂಡಿ ಹೂಡತಾರ ಅನ್ನೋದನ್ನೂ ಕೇಳ್ರಿ. ಸಾಮಾನ್ಯ ಹತ್ತು–ಹನ್ನೊಂದಕ್ಕ ಊರು ಬಿಡತಾರ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಸುಮಾರು 35 ಕಿಲೋಮೀಟರ್, ಎಂಟಕ್ಕ ಹೊಂಟ್ರ ಗಡಿಬಿಡಿ ಇಲ್ಲ.

ಕಾರು ಊರಾಗ ಬಿಡ್ರಿ. ಎರಿ ಮಣ್ಣು ಒಣಗಿದ್ರ ಕಲ್ಲು, ತೊಯ್ದ್ರ ಮೇಣ. ಇಪ್ಪತ್ತ ನಿಮಿಷ ಮಳಿ ಬಿದ್ರ ಸಾಕು, ಟಾಯರಿನ ಗೆರಿಯೊಳಗ ಜಿಗಟು ಮಣ್ಣು ತುಂಬಿ ಗಾಲಿ ನುಣ್ಣಗ ಆಗತೈತಿ. ಎಕ್ಸಲೇಟರ್ ಒತ್ತಿದಷ್ಟೂ ನಿಂತಲ್ಲೇ ಕುಣಿ ತೋಡತೈತಿ. ಬೈಕಿಗೆ ಮಡಗಾರ್ಡ್ ಒಳಗ ಮಣ್ಣು ಜಮಾಸಿ ಗಾಲಿನ ತಿರುಗಂಗಿಲ್ಲ. ಡಾಂಬರ್ ಮುಗಿದಲ್ಲಿಂದ ಬಂಡಿ, ಇಲ್ಲಾ ಟ್ರ್ಯಾಕ್ಟರ್. ಹೊಲ ಬೆಣ್ಣಿಹಳ್ಳದ ಆಚಿ ದಂಡಿಗೆ ಇದ್ರ ಇನ್ನೊಂದ ಲಕ್ಷ್ಯ ಇರಲಿ: ಮ್ಯಾಲ ಕುಂದಗೋಳ ಕಡೆ ಮಳಿ ಆದ್ರ ಇಲ್ಲಿ ಬಿಸಲಿದ್ರೂ ಹಳ್ಳ ಬರತೈತಿ.

ಮಳಿ ಇಲ್ಲಂದ್ರ ನೆಲ ಬಿರದಿರತೈತಿ. ಬಿರಕಿನ್ಯಾಗ ಹುಡುಗರ ಕಾಲು ಸೀದಾ ಒಳಗ ಹೋಗತಾವ, ಓಡಾಕ ಬಿಡಬ್ಯಾಡ್ರಿ. ಮೆಣಸಿನಗಿಡಕ್ಕ ಎಣ್ಣಿ (ಕೀಟನಾಶಕ) ಹೊಡದು ಎಷ್ಟ ದಿನ ಆತು ಅಂತ ಕೇಳಿ, ಎರಡ-ಮೂರ ದಿನದಾಗಿಂದಿದ್ರ ಗಿಡ ಮುಟ್ಟಾಕ ಬಿಡಬ್ಯಾಡ್ರಿ, ಉಣ್ಣಾಕೂ ಅದರ ಗಾಳಿಗೆ ಕೂಡಬ್ಯಾಡ್ರಿ.

ಬುತ್ತಿಗಂಟು:
ನೈವೇದ್ಯದ ಅಡಿಗಿ ಅವರ ಒಲಿ ಮ್ಯಾಲಿಂದ ಆಗಬೇಕು: ಕಡಬು, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣ್ಣಿಗಾಯಿ. ಅದಕ್ಕ ಕೈ ಹಾಕಬ್ಯಾಡ್ರಿ. ನೀವು ಊಟಕ್ಕ ಕೂಡೋದನ್ನ ಒಯ್ರಿ: ಸೇಂಗಾ ಹೋಳಿಗಿ, ಮೊಸರಬುತ್ತಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ. ನೀವು ಹನ್ನೊಂದು, ಅವರ ಐದಾರು ಅಂತ ಹಿಡದು ಲೆಕ್ಕಾ ಹೇಳತೇನಿ.

ಸೇಂಗಾ 1 ಕಿಲೋ, ಬೆಲ್ಲ ಮುಕ್ಕಾಲ ಕಿಲೋ, ಹುರದ ಎಳ್ಳು 50 ಗ್ರಾಂ, ಏಲಕ್ಕಿ. ಸೇಂಗಾ ಸಣ್ಣ ಉರಿಯಾಗ ಹುರದು, ಸಿಪ್ಪಿ ಹಾರಿಸಿ, ಮಿಕ್ಸರ್ ಬಿಟ್ಟ ಬಿಟ್ಟ ತಿರುವ್ರಿ. ಒಂದ ಸವನ ತಿರುವಿದ್ರ ಎಣ್ಣಿ ಬಿಟ್ಟು ಹೂರಣ ಗಂಟಾಗತೈತಿ, ಲಟ್ಟಿಸುವಾಗ ಕಣಕ ಹರಿತೈತಿ. ಎರಡ ದಿನ ಮೊದಲ ಮಾಡಿದ್ರೂ ಏನೂ ಆಗಂಗಿಲ್ಲ. ಕಡ್ಲಿಬ್ಯಾಳಿ ಹೋಳಿಗಿ ಮಾತ್ರ ಹುಬ್ಬಳ್ಳಿಯಿಂದ ಹೊರಬ್ಯಾಡ್ರಿ: ಬಿಸಿ ಇದ್ದಾಗ ಡಬ್ಬಿ ಮುಚ್ಚಿದ್ರ ಬೆವತು ಮಧ್ಯಾಹ್ನಕ್ಕ ಹುಳಿ ವಾಸನಿ.

ಮೊಸರಬುತ್ತಿ ಕೆಡೋದು ಮುಂಜಾನೆನ ಮೊಸರು ಸುರದು ಕಲಿಸೋದ್ರಿಂದ. 1 ಕಿಲೋ ಅಕ್ಕಿ ಮೆತ್ತಗ ಬೇಯಿಸಿ, ಬಿಸಿ ಇದ್ದಾಗ ಕಿವುಚ್ರಿ. ಉಗುರಬೆಚ್ಚಗ ಆದಮ್ಯಾಲ ಒಂದೂವರಿ ಲೀಟರ್ ಕಾಸಿ ಆರಿಸಿದ ಹಾಲು, ಮೂರ ಚಮಚ ಮೊಸರು, ಉಪ್ಪು. ಏಳಕ್ಕ ಕಲಿಸಿದ್ರ ಒಂದಕ್ಕ ಡಬ್ಬಿಯೊಳಗ ಹೆಪ್ಪಾಗಿ ತಂಪಗ ಕುಂತಿರತೈತಿ. ಒಗ್ಗರಣಿ ಆರಿಸಿ ಹಾಕ್ರಿ. ಹಸಿ ಉಳ್ಳಾಗಡ್ಡಿ ಕಲಿಸಬ್ಯಾಡ್ರಿ, ತಿನ್ನುವಾಗ ಹೆಚ್ಚಿಕೊಳ್ರಿ. ಚಂದ ಕಾಣತೈತಿ ಅಂತ ಕಲಾಯಿ ಇಲ್ಲದ ಹಿತ್ತಾಳಿ ಡಬ್ಬಿಯೊಳಗ ತುಂಬಬ್ಯಾಡ್ರಿ, ಹುಳಿಗೆ ಕಿಲುಬು ಬಿಡತೈತಿ. ಸ್ಟೀಲ್ ಸಾಕು.

ಕುಡಿಯೋ ನೀರು ಮನುಷಾಗ ಎರಡ ಲೀಟರ್, ಕೈ ತೊಳಿಯಾಕ ಬ್ಯಾರೆ ಒಂದ ಕ್ಯಾನ್. ತಾಟು ಸ್ಟೀಲಿಂದು, ಇಲ್ಲಾ ಮುತ್ತಲದ ಪತ್ರಾವಳಿ. ಪ್ಲಾಸ್ಟಿಕ್ ತಾಟು ಹೊಲದಾಗ ಉಳದ್ರ ಎತ್ತಿನ ಹೊಟ್ಟಿ ಸೇರತಾವ.

ಕೇಶ್ವಾಪುರದವ:
ಭಾಳ ಉಪಕಾರ ಆತ್ರಿ. ಬೆಂಗಳೂರಿನವರು ಒಂದ ಫೋಟೋ ಕಳಿಸ್ಯಾರ: ಕೆಮ್ಮಣ್ಣು ಸಾರಿಸಿ ಬಿಳಿ ಚಿತ್ತಾರ ಬರದ ಬುಟ್ಟಿ. ಅದನ್ನ ನೋಡಾಕ ಬರೋದಂತ. ಅಣ್ಣಿಗೇರಿ ಕಡೆ ಅದು ಸಿಗತೈತೇನು? ಚರಗಾ ಚೆಲ್ಲುವಾಗ ನಾವು ಎಲ್ಲಿ ನಿಂದರಬೇಕು?

ಹಾನಗಲ್ಲ ಸೀಮಿ:
ಅದು ಭೂಮಣ್ಣಿ ಬುಟ್ಟಿ. ಸೊರಬ, ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಬರೆಯೋದು. ಹುಣ್ಣಿಮೆ ಒಂದೇ, ಅಲ್ಲಿ ಹೆಸರು ಭೂಮಿ ಹುಣ್ಣಿಮೆ. ಅಲ್ಲಿನದು ಭತ್ತದ ಗದ್ದೆ, ಬೆಳಕು ಹರಿಯೋದರೊಳಗೆ ಚರಗ ಬೀರಿ ಮುಗಿಸ್ತಾರೆ. ಅಣ್ಣಿಗೇರಿಯಲ್ಲಿ ಆ ಬುಟ್ಟಿ ಹುಡುಕಿದರೆ ನಿರಾಸೆನೇ. ಅವರಿಗೆ ಈಗಲೇ ಹೇಳಿಬಿಡಿ. ಒಂದೇ ದಿನ ಎರಡೂ ಕಡೆ ಆಗೋದಿಲ್ಲ. ಬಯಲುಸೀಮೆಯಲ್ಲಿ ತೆಗೆಯಬೇಕಾದ ಚಿತ್ರ ಬೇರೆ: ಬೆಳೆ ನಡುವೆ ಸುಣ್ಣ ಹಚ್ಚಿದ ಐದು ಕಲ್ಲು, ಅದರ ಮುಂದೆ ಹಸಿರು ಖಣ, ಹಸಿರು ಬಳೆ.

ಎರಿಹೊಲ:
ಹೌದು, ನಮ್ಮಲ್ಲೆ ಆ ಐದ ಕಲ್ಲ ಪಾಂಡವರು. ಬನ್ನಿಗಿಡ ಇದ್ರ ಅದರ ಬುಡಕ್ಕ, ಇಲ್ಲಂದ್ರ ಬೆಳಿಯೊಳಗ ಇಡತಾರ. ಭೂಮ್ತಾಯಿ ಬಸರಿ, ಅಕಿಗಿದು ಬಯಕಿ ಊಟ. ಅದಕ್ಕ ಉಡಿ ತುಂಬೋದು. ಕೊಡೋದಿದ್ರ ಉಡಿ ಸಾಮಾನು ಒಯ್ರಿ: ಖಣ, ಹಸಿರ ಬಳಿ, ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಕೊಂಬು, ಅಡಿಕಿ, ಎಲಿ, ಐದೈದು. ಹೊಲದಾಗ ಅಲ್ಲ, ಮನ್ಯಾಗ ಆ ಮನಿ ಹೆಣಮಗಳ ಕೈಯಾಗ ಕೊಡ್ರಿ. ರೊಕ್ಕದ ಪಾಕೀಟ ಬ್ಯಾಡ.

ಚರಗಾಕ್ಕ ಎಲ್ಲಾ ಪದಾರ್ಥ ಸ್ವಲ್ಪ ಸ್ವಲ್ಪ ಮುರದು, ಉದುರ ಅನ್ನದಾಗ ಕಲಿಸ್ತಾರ. ನಾಲ್ಕ ಎಕರೆಗೆ ಮೂರ ಕಿಲೋದಷ್ಟ ಆದ್ರ ಸಾಕು. ಸಾರು ಬಿತ್ತಂದ್ರ ಮುದ್ದಿ ಆಗಿ ಕೈಗೆ ಅಂಟತೈತಿ, ದೂರ ಹಾರಂಗಿಲ್ಲ. ದೊಡ್ಡ ಚೂರು ಇದ್ರ ನಾಯಿ ಬೆನ್ನ ಹತ್ತಿ ಬೆಳಿ ತುಳಿತಾವ. ಮುಂದ ಒಬ್ಬರು ಚೆಲ್ಲಕೊಂತ ಹೊಂಟ್ರ ಹಿಂದ ಇನ್ನೊಬ್ಬರು ತಂಬಗಿ ನೀರು ಚಿಮುಕಿಸ್ತಾರ. ‘ಹುಲ್ಲುಲ್ಲಿಗೋ’ ಅಂತ ಒಬ್ಬರು ಕೂಗಿದ್ರ ‘ಸುರಾಂಬ್ಲಿಗೋ’ ಅಂತ ಉಳದವರು. ಊರಿಗೊಂದ ಉಚ್ಚಾರ, ತಿದ್ದಾಕ ಹೋಗಬ್ಯಾಡ್ರಿ.

ನೀವು ಬದುವಿನ ಮ್ಯಾಲ ಅವರ ಹಿಂದ ನಡೀರಿ. ಕಡ್ಲಿ ಆಗ ಎರಡ-ಮೂರ ಬಟ್ಟ ಎತ್ತರ ಇರತೈತಿ. ಕ್ಯಾಮೆರಾ ಕಣ್ಣಿಗೆ ಹಿಡದು ಹಿಂದ ಸರಿಯೋರ ಕಾಲಾಗ ಸಾಲ ಸಾಲ ಸಸಿ ಹೋಗತಾವ. ಅದೊಂದನ್ನ ಆ ಇಬ್ಬರಿಗೂ ಬಿಡಿಸಿ ಹೇಳ್ರಿ. ಚರಗಾ ಮುಗಿಯೂತನಕ ಹುಡುಗರಿಗೂ ಉಣ್ಣಾಕ ಕೊಡಂಗಿಲ್ಲ, ಹಿಂಗಾಗಿ ಮುಂಜಾನೆ ಹೊಟ್ಟಿತುಂಬ ತಿನಿಸಿ ಕರಕೊಂಡ ಬರ್ರಿ.

ಬುತ್ತಿಗಂಟು:
ಕೂಡಾಕ ತಾಡಪತ್ರಿ ಒಯ್ರಿ. ನವಲಗುಂದ ಜಮಖಾನಿ ಹಾಸಿದ್ರ ಎರಿ ಮಣ್ಣಿನ ಕಲಿ ಹೋಗಂಗಿಲ್ಲ. ತಿರುಗಿ ಬರುವಾಗ ಹೊತ್ತಿದ್ರ ಅಣ್ಣಿಗೇರಿ ಅಮೃತೇಶ್ವರ ಗುಡಿ ನೋಡಬಹುದು, ಹಾದಿ ಮ್ಯಾಲ ಐತಿ. ಲಕ್ಕುಂಡಿ ಅವತ್ತ ಬ್ಯಾಡ. ಗದಗ ದಾಟಿ ಹೋಗಬೇಕು, ಕತ್ತಲಾಗತೈತಿ.

ಕೇಶ್ವಾಪುರದವ:
ಅವತ್ತ ಮಳಿ ಹಿಡದ್ರ?

ಎರಿಹೊಲ:
ಹಬ್ಬ ನಿಂದರಂಗಿಲ್ಲ. ಮನಿಯವರ ಇಬ್ಬರು ಕಂಬಳಿ ಕೊಪ್ಪಿ ಹಾಕ್ಕೊಂಡ ನಡಕೊಂತ ಹೋಗಿ ಚರಗಾ ಚೆಲ್ಲಿ ಬರತಾರ, ಊಟ ಊರಾಗ ಪಡಸಾಲಿ ಮ್ಯಾಲ ಆಗತೈತಿ. ನಾವೂ ಹೊಲಕ್ಕ ಬರತೇವಿ ಅಂತ ಹಟ ಹಿಡೀಬ್ಯಾಡ್ರಿ. ಕೆಸರಾಗ ಹನ್ನೊಂದ ಮಂದಿನ್ನ ದಾಟಿಸೋದು ಅವರಿಗೆ ಬಿತ್ತೋದಕ್ಕಿಂತ ದೊಡ್ಡ ಕೆಲಸ.