ಭಾನುವಾರದ ಪ್ರಶ್ನೋತ್ತರ: ಬರೆಯದ ಪರೀಕ್ಷೆಯ ಅಂಕ, ಕಾಣದ ಸೀಟು, ಮನೆಯಲ್ಲಿ ಮುನಿಸು

ಗುಂಪಿನ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಜುಲೈ 25, 2021. ಕೊರೊನಾ ಕಾರಣಕ್ಕೆ ಜೂನ್ 4ಕ್ಕೆ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಹೋದ ಮಂಗಳವಾರ ಫಲಿತಾಂಶವೂ ಬಂತು. ಅವತ್ತಿನಿಂದ ಗುಂಪಿನಲ್ಲಿ ಅಪ್ಪ ಅಮ್ಮಂದಿರ ಪ್ರಶ್ನೆಗಳು ನಿಂತಿಲ್ಲ. ಹಾಗಾಗಿ ಈ ಭಾನುವಾರ ಒಬ್ಬ ಮೇಡಂ ಅವರನ್ನು ಒಪ್ಪಿಸಿ ಕರೆತಂದಿದ್ದೇವೆ. 22 ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವರು, ಈಗ ವಿದ್ಯಾರ್ಥಿಗಳ ಆಪ್ತ ಸಮಾಲೋಚಕಿ. ಮಕ್ಕಳ ಹೆಸರು, ಕಾಲೇಜಿನ ಹೆಸರು ಹಾಕಬೇಡಿ. ಊರಿನ ಹೆಸರು ಸಾಕು.

ಪ್ರಶ್ನೆ (ಅರಕಲಗೂಡು, ಒಬ್ಬ ತಾಯಿ): ಮೇಡಂ, ನನ್ನ ಮಗಳದ್ದು ಪಿಸಿಎಂಬಿ. 600ಕ್ಕೆ 484 ಬಂದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ಅವಳಿಗೆ ಅಮ್ಮ (ಚಿಕನ್‌ಪಾಕ್ಸ್) ಆಗಿತ್ತು. ಮೈಮೇಲೆ ಗುಳ್ಳೆ ಇಟ್ಟುಕೊಂಡೇ ಬರೆದು 75 ಪರ್ಸೆಂಟ್ ತಗೊಂಡಳು. ಆ ನೋವು ತೀರಿಸಬೇಕು ಅಂತ ಈ ವರ್ಷ ಹಠ ಹಿಡಿದು ಓದಿದ್ದಳು. ಮನೆಯೊಳಗೆ ನೆಟ್‌ವರ್ಕ್ ಸಿಗದೆ ತೋಟದ ಬದುವಿನ ಮೇಲೆ ಕೂತು ಆನ್‌ಲೈನ್ ಪಾಠ ಕೇಳಿದ್ದಾಳೆ. ಈಗ ನೋಡಿದರೆ ಅದೇ ಹಳೆಯ 75 ತಂದು ಇಲ್ಲಿ ಸೇರಿಸಿದ್ದಾರೆ. ನಮ್ಮ ಭಾವನ ಮಗಳಿಗೆ 570. 'ಅವಳಿಗಿಂತ ನಾನು ಕಮ್ಮಿ ಓದಿದ್ನಾ ಅಮ್ಮ' ಅಂತ ಕೇಳುತ್ತಾಳೆ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಈ ಅಂಕ ಬೇಡ ಅಂದವರು ಆಗಸ್ಟ್‌ನಲ್ಲಿ ಪರೀಕ್ಷೆ ಬರೆಯಬಹುದಂತಲ್ಲ, ಬರೆಸಲಾ? ಅವಳಿಗೆ ಇಂಜಿನಿಯರಿಂಗ್ ಆಸೆ. ಯಜಮಾನರು ಬೇಡ ಅನ್ನುತ್ತಾರೆ. ನನಗೂ ರಾತ್ರಿ ನಿದ್ದೆ ಇಲ್ಲ.

ಉತ್ತರ: ಮೊದಲು ಲೆಕ್ಕ ಮುಗಿಸೋಣ ಅಮ್ಮ, ಮನಸ್ಸಿನ ವಿಷಯ ಆಮೇಲೆ. ಲೆಕ್ಕ ಸರಿಹೋದರೆ ಅರ್ಧ ಭಾರ ಇಳಿಯುತ್ತದೆ.

ಈ ಸಲದ ಅಂಕದಲ್ಲಿ ನೂರಕ್ಕೆ 45 ಪಾಲು ಎಸ್ಸೆಸ್ಸೆಲ್ಸಿಯದು, 45 ಪಾಲು ಪ್ರಥಮ ಪಿಯುಸಿಯದು, 10 ಪಾಲು ದ್ವಿತೀಯ ಪಿಯುಸಿಯ ಇಂಟರ್ನಲ್‌ನದು. ನಿಮ್ಮ ಮಗಳಿಗೆ ಇಂಟರ್ನಲ್ ಪೂರ್ತಿ ಬಂದಿದೆ ಅಂದುಕೊಂಡರೆ, ಪ್ರಥಮ ಪಿಯುಸಿಯಲ್ಲಿ 82 ಪರ್ಸೆಂಟ್ ಆಸುಪಾಸು ಇರಬೇಕು. ಈಗ ಒಂದು ಹಾಳೆ ತಗೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ 75ರ ಜಾಗಕ್ಕೆ 95 ಹಾಕಿ ನೋಡಿ. 484 ಹೋಗಿ 538 ಆಗುತ್ತದೆ. ಅಂದರೆ ಆ ಗುಳ್ಳೆಗಳೇ 54 ಅಂಕ ತಿಂದಿವೆ. ಅಮ್ಮ ಆದದ್ದು 2019ರಲ್ಲಿ, ಬರೆ ಬಿದ್ದದ್ದು 2021ರಲ್ಲಿ. ಈ ಲೆಕ್ಕವನ್ನು ನೀವು ಮಾಡಿ ತೋರಿಸಬೇಡಿ, ಅವಳ ಕೈಯಲ್ಲೇ ಮಾಡಿಸಿ. 'ಕಮ್ಮಿ ಓದಿದ್ನಾ' ಅನ್ನುವ ಪ್ರಶ್ನೆಗೆ ನೀವು ನೂರು ಸಲ 'ಇಲ್ಲ ಮಗಳೇ' ಅಂದರೂ ಆಗದ ಕೆಲಸ ಆ ಹಾಳೆಯಿಂದ ಆದೀತು. ಈ ವರ್ಷದ ಓದನ್ನು ಯಾರೂ ಅಳೆದೇ ಇಲ್ಲ. ಅಳೆಯದ್ದು ಕಮ್ಮಿ ಹೇಗಾಗುತ್ತದೆ?

ಇನ್ನು ಇಂಜಿನಿಯರಿಂಗ್. ಬೇರೆ ವರ್ಷ ಆಗಿದ್ದರೆ ಸಿಇಟಿ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ ಸೇರುತ್ತಿತ್ತು. ಈ ವರ್ಷ ಪಿಯುಸಿ ಅಂಕ ರ‍್ಯಾಂಕಿಗೆ ಬರುವುದೇ ಇಲ್ಲ, ಸಿಇಟಿ ಅಂಕ ಮಾತ್ರ. ಪಿಯುಸಿಯಿಂದ ಬೇಕಾಗಿರುವುದು ಅರ್ಹತೆ ಅಷ್ಟೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 45 ಪರ್ಸೆಂಟ್, ಮೀಸಲಾತಿ ಇದ್ದವರಿಗೆ 40. ನಿಮ್ಮ ಮಗಳು ಆ ಗೆರೆ ಯಾವಾಗಲೋ ದಾಟಿದ್ದಾಳೆ. ಸಿಇಟಿ ಬಾಗಿಲಲ್ಲಿ ಅವಳೂ, ಭಾವನ ಮಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 484, 570 ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಈಗ ಕ್ಯಾಲೆಂಡರ್ ನೋಡಿ. ಅಂಕ ಬೇಡ ಅಂದವರಿಗೆ ಪರೀಕ್ಷೆ ಆಗಸ್ಟ್ 19ರಿಂದ ಸೆಪ್ಟೆಂಬರ್ 3ರ ತನಕ. ಸಿಇಟಿ ಆಗಸ್ಟ್ 28 ಮತ್ತು 29. ಆ ಪರೀಕ್ಷೆಯ ನಟ್ಟನಡುವೆ ಸಿಇಟಿ! ಒಂದು ಕಡೆ ಭಾಷೆ ಪತ್ರಿಕೆಗಳೂ ಸೇರಿ ಪುಟಗಟ್ಟಲೆ ಬರೆಯಬೇಕು, ಡೆರಿವೇಶನ್ ಬಾಯಿಪಾಠ ಇರಬೇಕು. ಇನ್ನೊಂದು ಕಡೆ 80 ನಿಮಿಷಕ್ಕೆ 60 ಪ್ರಶ್ನೆ, ಬರೀ ವೃತ್ತ ತುಂಬುವುದು. ಎರಡಕ್ಕೂ ಓದುವ ರೀತಿಯೇ ಬೇರೆ. ಉಳಿದಿರುವುದು ಒಂದು ತಿಂಗಳು ಚಿಲ್ಲರೆ. ಬೇಡದ ಅಂಕಕ್ಕಾಗಿ ಬೇಕಾದ ರ‍್ಯಾಂಕ್ ಕಳೆದುಕೊಳ್ಳುವ ಲೆಕ್ಕ ಇದು. ನನ್ನ ಕೇಳಿದರೆ ಬರೆಸಬೇಡಿ. ಯಜಮಾನರ ಮಾತು ಈ ಸಲಕ್ಕೆ ಸರಿ ಇದೆ. (ಇದನ್ನು ಅವರಿಗೆ ತೋರಿಸಲೇಬೇಕು ಅಂತೇನಿಲ್ಲ.)

ಹಾಗಾದರೆ ಆ ಪರೀಕ್ಷೆ ಯಾರಿಗೆ? ಬಿಎಸ್ಸಿ, ಬಿಕಾಂಗೆ ಪಿಯುಸಿ ಅಂಕ ನೋಡಿಯೇ ಸೀಟು ಕೊಡುವ ಕಾಲೇಜು ಬೇಕು ಅನ್ನುವವರಿಗೆ, ಅದೂ ಈಗಿನ ಅಂಕದಿಂದ ಅಲ್ಲಿ ಸೀಟು ಸಿಗುವುದಿಲ್ಲ ಅಂತ ಖಾತ್ರಿ ಇದ್ದವರಿಗೆ. ಒಂದು ನೆನಪಿಡಿ. ಅದರಲ್ಲಿ ಈಗಿನ ಅಂಕ ಬಿಟ್ಟುಕೊಟ್ಟೇ ಕೂರಬೇಕು. ಅಂಥವರು ಸಹಿ ಹಾಕುವ ಮೊದಲು ಕಾಲೇಜಿನ ಪ್ರಾಂಶುಪಾಲರ ಹತ್ತಿರ ಕೂತು ಮಾತಾಡಿ, ಈ ವಾರವೇ ತೀರ್ಮಾನ ಮಾಡಿ.

ತೋಟ ಇದೆ ಅಂದಿರಿ. ಬಿಎಸ್ಸಿ ಕೃಷಿಗೂ ಇದೇ ಸಿಇಟಿ, ಅದರಲ್ಲಿ ಕೃಷಿಕರ ಕೋಟಾ ಇದೆ. ಬಯಾಲಜಿ ಪತ್ರಿಕೆ ಬಿಡಬೇಡಿ ಅಂತ ಹೇಳಿ.

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಅವಳು ಪರೀಕ್ಷೆಗೆ ಹೆದರಿ ಅಳುತ್ತಿಲ್ಲ, ಪರೀಕ್ಷೆ ಸಿಗಲಿಲ್ಲ ಅಂತ ಅಳುತ್ತಿದ್ದಾಳೆ. ನಾವು ದೊಡ್ಡವರು ಇದನ್ನು ಬೇಗ ಹಿಡಿಯುವುದಿಲ್ಲ. 'ಬರೆಯದೇ ಪಾಸಾದೆ, ಪುಣ್ಯ ಮಾಡಿದ್ದೆ' ಅಂತ ಬಂದವರೆಲ್ಲ ಹೇಳಿರುತ್ತಾರೆ. ಅದು ಗಾಯಕ್ಕೆ ಉಪ್ಪು. ಮೇ 24ಕ್ಕೆ ಪರೀಕ್ಷೆ ಅಂದರು, ಅದು ಮುಂದೆ ಹೋಯಿತು, ಕೊನೆಗೆ ಇಲ್ಲವೇ ಇಲ್ಲ ಅಂದರು. ಮದುವೆಗೆ ಚಪ್ಪರ ಹಾಕಿ, ಅಡುಗೆಯೂ ಆದ ಮೇಲೆ ಗಂಡಿನ ಕಡೆಯವರು ಬರಲಿಲ್ಲ ಅಂದ ಹಾಗೆ. ಒಂದೆರಡು ದಿನ ಅಳಲಿ. 'ಹೋಗಲಿ ಬಿಡು' ಅನ್ನಬೇಡಿ. ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಇರಿ, ಏನೂ ಕೇಳಬೇಡಿ. ಅವಳಾಗಿ ಮಾತಾಡುತ್ತಾಳೆ.

ನಿಮಗೆ ನಿದ್ದೆ ಇಲ್ಲ ಅಂದಿರಿ. ರಾತ್ರಿ ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್ ನೋಡಿ ಮಲಗುತ್ತೀರಾ?

ಅದೇ ತಾಯಿ: ಹೌದು ಮೇಡಂ. ಸಿಇಟಿಯೂ ರದ್ದಾಗುತ್ತೇನೋ ಅಂತ ನೋಡುತ್ತಾ ಇರುತ್ತೇನೆ.

ಉತ್ತರ: ನಾಳೆಯಿಂದ ಬೆಳಗ್ಗೆ ಕಾಫಿ ಹೊತ್ತಿನಲ್ಲಿ ಒಂದು ಸಲ ಪೇಪರ್ ನೋಡಿ, ಸಾಕು. ರದ್ದಾದರೆ ಆ ಸುದ್ದಿ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ನೀವು ಎಚ್ಚರ ಇದ್ದು ಕಾಯಬೇಕಾಗಿಲ್ಲ.

ಪ್ರತಿಕ್ರಿಯೆ (ಧಾರವಾಡ, ಒಬ್ಬ ಹಿರಿಯರು): ಮೇಡಂ ಅವರ ಮಾತು ಛಲೋ ಅದ. ಆದ್ರ 6,66,497 ಮಂದಿ ಬರದ್ರು, ಅಷ್ಟೂ ಮಂದಿ ಪಾಸ್ ಅಂದ್ರ ಏನ್ರೀ ಅರ್ಥ? ಅಲ್ಲಲ್ಲ, ಬರದೇ ಇಲ್ಲ! 2,239 ಮಂದಿಗೆ 600ಕ್ಕ 600. ನಾಳೆ ಇವರಿಗೆ ಕೆಲಸ ಯಾರು ಕೊಡ್ತಾರ? 'ಕೊರೊನಾ ಬ್ಯಾಚ್' ಅಂತ ಹಣೆಪಟ್ಟಿ ಬೀಳ್ತದ.

ಉತ್ತರ: ಯಜಮಾನರೇ, 600 ಬಂದವರ ಸಂಖ್ಯೆ ಕೇಳಿ ನನಗೂ ಹುಬ್ಬು ಮೇಲೆ ಹೋಯಿತು. ಸುಳ್ಳು ಹೇಳುವುದಿಲ್ಲ. ಆದರೆ ಅಂಕ ಆಕಾಶದಿಂದ ಬಿದ್ದದ್ದಲ್ಲ. 2019ರ ಎಸ್ಸೆಸ್ಸೆಲ್ಸಿ ಇವರೇ ಬರೆದದ್ದು. ಪ್ರಥಮ ಪಿಯುಸಿ ಪರೀಕ್ಷೆಯನ್ನೂ 2020ರ ಲಾಕ್‌ಡೌನಿಗೆ ಮುಂಚೆ ಇವರೇ ಬರೆದದ್ದು. ದ್ವಿತೀಯ ಪಿಯುಸಿಗೆ ಕಾಲೇಜಿನ ಮುಖ ನೋಡಿದ್ದು ಈ ಜನವರಿ 1ರ ನಂತರ. ಇವರು ಓದಿದ ಪರಿಸ್ಥಿತಿಯಲ್ಲಿ ನಾನು ನೀವು ಓದಿಲ್ಲ. ಹಣೆಪಟ್ಟಿ ಅಂಟಿಸುವವರು ಕಂಪನಿಯವರಲ್ಲ, ಮೊದಲು ಅಂಟಿಸುವವರು ಮನೆಗೆ ಬರುವ ನೆಂಟರು. ನಿಮ್ಮ ಮೊಮ್ಮಕ್ಕಳ ಎದುರಿಗೆ ಆ ಎರಡು ಪದ ಆಡಬೇಡಿ, ಅಷ್ಟು ಮಾಡಿ.

ಪ್ರತಿಕ್ರಿಯೆ (ಇಂಗ್ಲೆಂಡಿನಲ್ಲಿರುವ ಶಿವಮೊಗ್ಗದ ಒಬ್ಬ ತಂದೆ): ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ ಸರ್. ಇಲ್ಲಿ ಹೋದ ವರ್ಷ ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಪರೀಕ್ಷೆ ರದ್ದು ಮಾಡಿ, ಕಂಪ್ಯೂಟರ್ ಲೆಕ್ಕದಿಂದ ಗ್ರೇಡ್ ಕೊಟ್ಟರು. ಶಿಕ್ಷಕರು ಅಂದಾಜು ಮಾಡಿದ್ದ ಗ್ರೇಡುಗಳಲ್ಲಿ ಸುಮಾರು 40 ಪರ್ಸೆಂಟ್ ಕೆಳಗೆ ಇಳಿದವು. ಮಕ್ಕಳು ಬೀದಿಗೆ ಇಳಿದರು. 2020ರ ಆಗಸ್ಟ್ 13ಕ್ಕೆ ಬಂದ ಫಲಿತಾಂಶವನ್ನು 17ಕ್ಕೆ ಸರ್ಕಾರ ಕೈಬಿಟ್ಟು, ಶಿಕ್ಷಕರ ಗ್ರೇಡೇ ಸರಿ ಅಂದಿತು. ನನ್ನ ದೊಡ್ಡ ಮಗನಿಗೆ ಆ ನಾಲ್ಕು ದಿನ ಯೂನಿವರ್ಸಿಟಿ ಸೀಟು ಇರಲಿಲ್ಲ, ಆಮೇಲೆ ಇತ್ತು. ಈ ವರ್ಷ ಎರಡನೆಯವಳ ಸರದಿ, ಆಗಸ್ಟ್ 10ಕ್ಕೆ ಫಲಿತಾಂಶ. ನಾವಿಬ್ಬರೂ ಉಗುರು ಕಚ್ಚುತ್ತಾ ಕೂತಿದ್ದೇವೆ.

ಉತ್ತರ: ಸರ್, ದೊಡ್ಡವನನ್ನೇ ತಂಗಿಯ ಹತ್ತಿರ ಮಾತಾಡಲು ಬಿಡಿ. ಆ ನಾಲ್ಕು ದಿನ ಹೇಗಿತ್ತು ಅಂತ ಅವನಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಪ್ರಶ್ನೆ (ಬೆಂಗಳೂರು, ಒಬ್ಬ ತಂದೆ): ಮಗ ಸಿಬಿಎಸ್‌ಇ. ಫಲಿತಾಂಶ ಇನ್ನೂ ಬಂದಿಲ್ಲ. ಹತ್ತನೆಯದು 30, ಹನ್ನೊಂದು 30, ಹನ್ನೆರಡು 40 ಅಂತ ಲೆಕ್ಕ. ಬಿಬಿಎ ಮಾಡುತ್ತಾನೆ. ಒಂದು ಖಾಸಗಿ ಕಾಲೇಜಿನವರು ದಿನಾ ಫೋನ್ ಮಾಡಿ, 'ಈ ವಾರ 1 ಲಕ್ಷ ಕಟ್ಟಿ ಸೀಟ್ ಬ್ಲಾಕ್ ಮಾಡಿ, ಆಮೇಲೆ ನಮ್ಮನ್ನು ಕೇಳಬೇಡಿ' ಅನ್ನುತ್ತಿದ್ದಾರೆ. ಬೇರೆ ಕಡೆ ಸಿಕ್ಕರೆ ದುಡ್ಡು ವಾಪಸ್ ಇಲ್ಲವಂತೆ. ಕಟ್ಟದಿದ್ದರೆ ಎರಡೂ ಹೋಗುತ್ತೇನೋ ಅಂತ ಭಯ.

ಉತ್ತರ: ಭಯದ ಮೇಲೆಯೇ ಈ ವ್ಯಾಪಾರ ನಡೆಯುವುದು. ಈ ತಿಂಗಳ 16ಕ್ಕೆ ಯುಜಿಸಿ ಹೊಸ ಮಾರ್ಗಸೂಚಿ ಕೊಟ್ಟಿದೆ. ಮೊದಲ ವರ್ಷದ ಪ್ರವೇಶ ಸೆಪ್ಟೆಂಬರ್ 30ರೊಳಗೆ, ತರಗತಿ ಅಕ್ಟೋಬರ್ 1ರಿಂದ. ಎಲ್ಲ ಬೋರ್ಡುಗಳ ಫಲಿತಾಂಶ ಬಂದ ಮೇಲೆಯೇ ಪ್ರವೇಶ ಶುರು ಮಾಡಿ ಅಂತ ಹೇಳಿದೆ. ಸಿಬಿಎಸ್‌ಇಗೆ ಸುಪ್ರೀಂ ಕೋರ್ಟ್ ಕೊಟ್ಟ ಗಡುವು ಜುಲೈ 31. ಅಂದರೆ ಇನ್ನೊಂದು ವಾರ. ಇನ್ನೂ ಮುಖ್ಯವಾದದ್ದು, ಅಕ್ಟೋಬರ್ 31ರೊಳಗೆ ಸೀಟು ಬಿಟ್ಟರೆ ಕಟ್ಟಿದ ಶುಲ್ಕ ಪೂರ್ತಿ ವಾಪಸ್ ಕೊಡಬೇಕು ಅಂತಲೂ ಅದರಲ್ಲಿದೆ.

ಮುಂದಿನ ಸಲ ಫೋನ್ ಬಂದಾಗ ಜಗಳ ಬೇಡ. 'ದುಡ್ಡು ವಾಪಸ್ ಇಲ್ಲ ಅಂದಿರಲ್ಲ, ಅದನ್ನು ಕಾಲೇಜಿನ ಇಮೇಲ್‌ನಿಂದ ಕಳಿಸಿ' ಅನ್ನಿ. ಸಾಮಾನ್ಯವಾಗಿ ಆ ಇಮೇಲ್ ಬರುವುದೇ ಇಲ್ಲ. ಕಟ್ಟಲೇಬೇಕು ಅನಿಸಿದರೆ ನಗದು ಕೊಡಬೇಡಿ, ಕಾಲೇಜಿನ ಖಾತೆಗೇ ಹಾಕಿ, ರಸೀದಿ ತಗೊಳ್ಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ. ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಮಗನ ಎದುರಿಗೆ ಈ 1 ಲಕ್ಷದ ಮಾತು ಎಷ್ಟು ಸಲ ಬರುತ್ತಿದೆ ಅಂತಲೂ ಸ್ವಲ್ಪ ನೋಡಿಕೊಳ್ಳಿ. ಅವನ ಫಲಿತಾಂಶಕ್ಕೆ ಆಗಲೇ ಒಂದು ಬೆಲೆ ಚೀಟಿ ಅಂಟಿಸಿದ ಹಾಗೆ ಆಗುತ್ತದೆ.

ಪ್ರಶ್ನೆ (ಕೊಪ್ಪಳ, ಒಬ್ಬ ತಾಯಿ): ಎಲ್ಲರ ಮಕ್ಕಳೂ ಅಳುತ್ತಿದ್ದಾರೆ, ನನ್ನ ಮಗ ನಗುತ್ತಿದ್ದಾನೆ! ಮಧ್ಯಾಹ್ನದ ತನಕ ನಿದ್ದೆ, ಆಮೇಲೆ ಮೊಬೈಲ್ ಗೇಮ್. ನೀಟ್ ಬರೆಯುತ್ತೇನೆ ಅಂದಿದ್ದವನು, ಈಗ 'ಅದೂ ರದ್ದಾಗುತ್ತೆ ಬಿಡಮ್ಮ' ಅನ್ನುತ್ತಾನೆ.

ಉತ್ತರ: ನೀಟ್ ಸೆಪ್ಟೆಂಬರ್ 12 ಅಂತ ಘೋಷಣೆ ಆಗಿದೆ, ರದ್ದಾಗುತ್ತೆ ಅಂತ ಕಾಯುವವನು ಅವನೊಬ್ಬನೇ ಅಲ್ಲ. ಎರಡು ಸಲ ತಯಾರಾಗಿ ಎರಡು ಸಲ ಕೈಬಿಟ್ಟರೆ ಮೂರನೇ ಸಲಕ್ಕೆ ಮನಸ್ಸು ಏಳುವುದಿಲ್ಲ, ಸೋಮಾರಿತನ ಅಂತ ಬೈಯಬೇಡಿ. ಓದು ಅಂತಲೂ ಹೇಳಬೇಡಿ. ಮೊದಲು ಏಳುವ ಹೊತ್ತು ಸರಿ ಮಾಡಿ. ಬೆಳಗ್ಗೆ ಹಾಲು ತರುವುದು, ತಮ್ಮನಿಗೆ ಲೆಕ್ಕ ಹೇಳಿಕೊಡುವುದು, ಹೀಗೆ ಅವನಿಲ್ಲದೆ ಆಗದ ಒಂದು ಕೆಲಸ ಕೊಡಿ. ಒಂದು ವಾರ ಬಿಟ್ಟು ಹಳೆಯ ಒಂದು ಪ್ರಶ್ನೆಪತ್ರಿಕೆ ಟೈಮ್ ಇಟ್ಟು ಬರೆಯಲಿ. ಅಂಕ ಕೇಳಬೇಡಿ.

ಪ್ರಶ್ನೆ (ಹೆಸರು ಬೇಡ ಅಂದವರು): ಸುಮ್ನೆ ಬೇಜಾರು ಯಾವುದು, ನಿಜವಾಗಿ ಹೆದರಬೇಕಾದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಬೇಜಾರಿನ ನಡುವೆಯೂ ಮಗು ಇಷ್ಟದ ತಿಂಡಿಗೆ ಎದ್ದು ಬಂದರೆ, ಗೆಳತಿಯ ಫೋನಿಗೆ ನಕ್ಕರೆ, ಕಾಯಬಹುದು. ಎರಡು ವಾರ ಆದರೂ ಊಟ ನಿದ್ದೆ ಸರಿಹೋಗದಿದ್ದರೆ, ಯಾರ ಜೊತೆಗೂ ಮಾತು ಬೇಡ ಅಂದರೆ, ಇಷ್ಟದ ವಸ್ತುಗಳನ್ನು ಹಂಚಲು ಶುರು ಮಾಡಿದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, 'ನಾನಿಲ್ಲದಿದ್ದರೆ ನಿಮಗೆ ಆರಾಮ' ಅನ್ನುವ ಮಾತು ಒಂದೇ ಒಂದು ಸಲ ಬಂದರೂ, ಕಾಯಬೇಡಿ. 'ಸಾಯುವ ಯೋಚನೆ ಬರುತ್ತಾ?' ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆ ಬೀಗದೊಳಗೆ ಇಡಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ನಿಮ್ಹಾನ್ಸ್ ಸಹಾಯವಾಣಿ 080-46110007 ಕೂಡ ಇದೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ನೀವು ನಿಮ್ಮ ಮನೆಯ ವಿಷಯವೇ ಕೇಳುತ್ತಿದ್ದರೆ, ಇವತ್ತೇ ನನಗೆ ಪ್ರತ್ಯೇಕ ಮೆಸೇಜ್ ಮಾಡಿ.

(ರಾತ್ರಿ 8.40)

ಅರಕಲಗೂಡಿನ ತಾಯಿ: ಮೇಡಂ, ಹಾಳೆ ಕೊಟ್ಟೆ. ಅವಳು ಲೆಕ್ಕ ಮಾಡಿದಳು. 54 ಅಲ್ಲ ಅಮ್ಮ, 53.9 ಅಂದಳು. ಭಾಗ ಪಾಲು ಎಲ್ಲ ಇನ್ನೂ ಸೂಕ್ಷ್ಮವಾಗಿ ಹಾಕಿದ್ದಾಳೆ. ಒಂದು ಸ್ವಲ್ಪ ಅತ್ತಳು. ಈಗ ಅಕ್ಕಿ ರೊಟ್ಟಿ ಎರಡು ತಿಂದಳು. ಸಿಇಟಿಯಲ್ಲಿ ಗೊತ್ತಿಲ್ಲದ ಪ್ರಶ್ನೆ ಬಿಡಬೇಕಾ ಅಂತ ನಿಮ್ಮನ್ನು ಕೇಳು ಅಂದಿದ್ದಾಳೆ.

ಉತ್ತರ: ಬಿಡಬಾರದು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ವೃತ್ತವೂ ಖಾಲಿ ಇರಬಾರದು ಅಂತ ಹೇಳಿ. ಮತ್ತೆ ಆ 53.9ರ ಹಾಳೆಯ ಫೋಟೋ ಕಳಿಸಲು ಹೇಳಿ, ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ನೋಡಬೇಕು.